ಅಗಸಿ ಎಣ್ಣೆ ಕುಡಿದ ಗಿಟಾರು

ತಿಕೋಟಾದ ಅಮರಪ್ಪ ಬಡಿಗೇರ ಅವರು ಐವತ್ತೆಂಟು ವರ್ಷ ತುಂಬುವವರೆಗೆ ಗಿಟಾರನ್ನು ಕೈಯಲ್ಲಿ ಹಿಡಿದವರಲ್ಲ. ಅವರು ಮಾಡುತ್ತಿದ್ದುದು ಕೂರಿಗೆ, ಕುಂಟೆ, ತೊಟ್ಟಿಲು. ಊರಲ್ಲಿ ಟ್ರ್ಯಾಕ್ಟರು ಹೆಚ್ಚಾದ ಮೇಲೆ ಬಾಗಿಲು ಮತ್ತು ಚೌಕಟ್ಟು. ಅವರು ಕೂಡಿಸಿದ ಬಾಗಿಲು ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಕಿರುಗುಟ್ಟುವುದಿಲ್ಲ ಎಂಬ ಮಾತು ಕೇಳಿ ಬಬಲೇಶ್ವರದ ಮಲ್ಲಿನಾಥ ಎಂಬುವರು ತಮ್ಮ ಹೊಸ ಮನೆಗೆ ಬಾಗಿಲು ಮಾಡಿಸಲು ಬಂದರು. ಮೂರು ಸಲ ಬಂದು ಹೋದ ಮೇಲೆ ಬಾಗಿಲಿನ ಜೊತೆಗೆ ಅಮರಪ್ಪನವರ ಒಬ್ಬಳೇ ಮಗಳು ಗೀತಾಂಜಲಿಯನ್ನೂ ಮಗ ಸತೀಶಕುಮಾರನಿಗೆ ಕೇಳಿದರು. ಬಾಗಿಲು, ಮಗಳು ಎರಡೂ ಒಂದೇ ತಿಂಗಳಲ್ಲಿ ಬಬಲೇಶ್ವರ ಸೇರಿದವು.

ಎರಡು ವರ್ಷದ ನಂತರ ಗೀತಾಂಜಲಿ ಬಸುರಿಯಾದಳು. ಐದನೇ ತಿಂಗಳಲ್ಲಿ ಒಂದು ಸಂಜೆ ತಾಯಿ ಶಂಕ್ರೆವ್ವ ಫೋನ್ ಮಾಡಿ ವಾಡಿಕೆಯಂತೆ ಬಯಕೆ ವಿಚಾರಿಸಿದರು.

"ಏನ ತಿನ್ನಬೇಕನಸ್ತೈತಿ ಯವ್ವಾ? ಹುಣಸಿಕಾಯಿ? ಮಾವಿನಕಾಯಿ? ನಾಚಬ್ಯಾಡ, ಮಣ್ಣ ಹೆಂಟಿ ಆದ್ರೂ ಹೇಳು."

"ತಿನ್ನೂದೇನಿಲ್ಲ ಬೇ. ಗಿಟಾರ್ ಬಾರಸಬೇಕನಸ್ತೈತಿ."

"ಅದು ತಿನ್ನೂದಲ್ಲಲ್ಲ!"

"ಬಯಕಿ ತಿನ್ನೂದ ಇರಬೇಕಂತ ಎಲ್ಲಿ ಬರದೈತಿ?"

ವಿಜಯಪುರದಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಗೆಳತಿ ಮಾಲಾಳ ಗಿಟಾರಿನಲ್ಲಿ ಅವಳು ನಾಲ್ಕು ಹಾಡು ಕಲಿತಿದ್ದಳು. ಆಮೇಲೆ ಮಾಲಾ ತನ್ನ ಊರಿಗೆ ಹೋದಳು, ಗಿಟಾರು ಮಾಲಾಳ ಜೊತೆ ಹೋಯಿತು. ಈಗ ಬೆರಳು ಸುಮ್ಮನಿರುತ್ತಿಲ್ಲವಂತೆ. ರೊಟ್ಟಿ ಬಡಿಯುವಾಗಲೂ ಹಿಟ್ಟು ನಾದುವ ಕೊಣಮಿಗೆಯ ಅಂಚಿನ ಮೇಲೆ ಬಾರಿಸುತ್ತಾಳೆಂದು ಅತ್ತೆ ವಿದ್ಯಾವತಿ ಆಚೆಯಿಂದ ಕೂಗಿ ಹೇಳಿದರು.

ನಗುವ ವಿಷಯವೆಂದು ಬಿಡುವ ಹಾಗಿರಲಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ನಂಬಿಕೆ ಈ ಕಡೆ ಇದೆ. ಬೇರೆಯವರು ಇದನ್ನು ಅರ್ಧ ನಂಬುತ್ತಾರೆ, ಮಲ್ಲಿನಾಥ ಪೂರಾ ನಂಬುತ್ತಾರೆ. ಅವರು ಹೊಟ್ಟೆಯಲ್ಲಿದ್ದಾಗ ಅವರ ತಾಯಿ ಪೇರಲಹಣ್ಣು ಬೇಡಿ, ಸಿಗದೆ, ಹುಟ್ಟಿದ ಮಲ್ಲಿನಾಥರ ಎಡಗಿವಿ ಒಂಬತ್ತು ವರ್ಷ ಸೋರಿತ್ತು. ಬಯಕೆ ತೀರಿಸುವುದು ತವರಿನ ಕೆಲಸ. ಏಳನೇ ತಿಂಗಳ ಕುಬಸದ, ಅಂದರೆ ಸೀಮಂತದ, ದಿನ ತವರಿನವರು ಹಸಿರು ಸೀರೆ, ಹಸಿರು ಬಳೆ, ಐದು ತರದ ಅಡಿಗೆ ತೆಗೆದುಕೊಂಡು ಹೋಗುವಾಗ ಆ ವಸ್ತುವೂ ಹೋಗಬೇಕು.

ಆಚೆ ಮಲ್ಲಿನಾಥ ಸೊಸೆಯ ಕೈಯಿಂದ ಫೋನ್ ಈಸಿಕೊಂಡರು. "ಬೀಗರ, ನೀವು ಇದನ್ನ ಮನಸಿಗೆ ಹಚಗೋಬ್ಯಾಡ್ರಿ. ಸೊಲ್ಲಾಪುರದಾಗ ರೆಡಿಮೇಡ್ ಸಿಗತಾವ. ನಾ ತರಸತೇನಿ."

ಅಮರಪ್ಪ ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡರು. "ಕಟಿಗೀದ ಇರತೈತೆಲ್ರಿ ಅದು?"

"ಹೌದ್ರಿ, ಕಟಿಗೀದ."

"ಅಂದಮ್ಯಾಲ ನಾ ಮಾಡತೇನಿ."

ಎರಡೂ ಮನೆಯಲ್ಲಿ ಫೋನಿನ ಸ್ಪೀಕರ್ ಹಚ್ಚಿತ್ತು. ಎರಡೂ ಮನೆಯವರು ಕೇಳಿದರು. ಹಿಂದೆ ಸರಿಯುವ ದಾರಿ ಅಲ್ಲಿಗೆ ಮುಚ್ಚಿತು. ಕುಬಸಕ್ಕೆ ಏಪ್ರಿಲ್ ತಿಂಗಳ ಎರಡನೇ ಶುಕ್ರವಾರ ಗೊತ್ತಾಯಿತು.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಜಾಹೀದ ಎಂಬುವರ ಅಂಗಡಿಯಿದೆ. ಹಾರ್ಮೋನಿಯಂ, ತಬಲಾ, ಮದುವೆ ಬ್ಯಾಂಡಿನವರ ಬ್ಯಾಂಜೋ ಎಲ್ಲದರ ರಿಪೇರಿ ಅಲ್ಲಿ. ಮೆರವಣಿಗೆಯಲ್ಲಿ ಕುಣಿಯುವವರ ಕಾಲಡಿ ಸಿಕ್ಕು ಒಡೆದ ಒಂದು ಗಿಟಾರು ಅವರ ಅಟ್ಟದ ಮೇಲಿತ್ತು. ಅಮರಪ್ಪ ಅದನ್ನು ಬೇಡಿ ತಂದು, ಬಿಚ್ಚಿ, ಒಂದೊಂದು ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಅಂಕಿ ಬರೆದರು. ಸಿದ್ಧೇಶ್ವರ ಗುಡಿಯ ಹತ್ತಿರ ಕೆಡವಿದ ಹಳೆಯ ಮನೆಯ ಸಾಗವಾನಿ ತೊಲೆಯ ತುಂಡು ಅವರ ಬಳಿ ನಾಲ್ಕು ವರ್ಷದಿಂದ ಕಾಯುತ್ತಿತ್ತು. ಅದನ್ನು ಹಪ್ಪಳದಷ್ಟು ತೆಳ್ಳಗೆ ಸೀಳಿಸಿದರು. ಪಕ್ಕದ ಪಟ್ಟಿಗಳನ್ನು ಬಾಗಿಸಲು ಬಚ್ಚಲ ಹಂಡೆಯ ಉಗಿ ಬಳಸಿದರು. ಎರಡು ದಿನ ಮನೆಯಲ್ಲಿ ಯಾರೂ ಬಿಸಿನೀರು ಕಾಣಲಿಲ್ಲ. ಮಾರ್ಚ್ ಮೂರನೇ ವಾರಕ್ಕೆ ಕಟ್ಟಿಗೆಯ ಕೆಲಸ ಮುಗಿದು ನೋಡಿದರೆ, ಗಿಟಾರು ಗಿಟಾರಿನಂತೆಯೇ ಇತ್ತು. ಅದಕ್ಕೆ ಅವರಿಗೇ ಆಶ್ಚರ್ಯವಾಯಿತು.

ಉಳಿದದ್ದು ಎಣ್ಣೆ ಹಚ್ಚುವುದು, ತಂತಿ ತಿರುವಿ ಬಿಗಿಯುವ ಬಿರಡೆ, ತಂತಿ ಕೂಡಿಸುವುದು. ಸುಲಭದ ಕೆಲಸ ಎಂದು ಶಂಕ್ರೆವ್ವನಿಗೆ ಹೇಳಿದರು.

ವಾರ್ನಿಶ್ ಅವರಿಗೆ ಆಗುವುದಿಲ್ಲ. ಕಟ್ಟಿಗೆಯ ತಪ್ಪು ಮುಚ್ಚುವವರು ವಾರ್ನಿಶ್ ಹೊಡೆಯುತ್ತಾರೆ ಎಂಬುದು ಅವರ ಅಭಿಪ್ರಾಯ. ಅವರದೇನಿದ್ದರೂ ಗಾಣದ ಅಗಸಿ ಎಣ್ಣೆ. ಜಾಹೀದ ಕೂಡ ಅದಕ್ಕೆ ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು.

"ಕಾಯಿಸಿ ಆರಿಸಿದ ಎಣ್ಣಿ ಹಚ್ಚರಿ ಕಾಕಾ. ಕಾಲು ತಾಸು ಬಿಟ್ಟು ಒಣ ಅರಿವೀಲೆ ಒರಸಿ ತಗೀರಿ."

"ಎಷ್ಟು ಒರಸಬೇಕು?"

"ಪೂರಾ."

"ಪೂರಾ ಒರಸೂದಿದ್ರ ಹಚ್ಚೂದ್ಯಾಕ?"

"ಹಂಗ ಅದು ಪದ್ಧತಿ."

ಬಸ್ಸಿನಲ್ಲಿ ತಿಕೋಟಾಕ್ಕೆ ಮರಳುವಾಗ ಅಮರಪ್ಪ ಇದನ್ನು ವಿಚಾರ ಮಾಡಿದರು. ಕೂರಿಗೆಗೆ ಅವರು ಎಣ್ಣೆ ಹಚ್ಚುತ್ತಿರಲಿಲ್ಲ, ಕುಡಿಸುತ್ತಿದ್ದರು. ಬಟ್ಟಲಿನಿಂದ ಸುರಿದು, ಹೀರಿದಂತೆಲ್ಲ ಮತ್ತೆ ಸುರಿದು, ಸಾಕು ಎಂದು ಕಟ್ಟಿಗೆಯೇ ನಿಲ್ಲಿಸುವವರೆಗೆ. ಎಣ್ಣೆ ಒರೆಸಿ ತೆಗೆಯುವುದೆಂದರೆ ಬೀಗರ ಎಲೆಯಲ್ಲಿ ಹೋಳಿಗೆಗೆ ತುಪ್ಪ ಸುರಿದು ಮತ್ತೆ ಚಮಚದಿಂದ ಬಳಿದುಕೊಂಡ ಹಾಗೆ. ಜಾಹೀದ ಒಳ್ಳೆಯ ಮನುಷ್ಯ, ಆದರೆ ಪ್ಯಾಟೆಯವನು, ಕೈ ಬಿಗಿ ಎಂದು ತೀರ್ಮಾನಿಸಿದರು.

ಗಿಟಾರು ಮೂರು ಬಟ್ಟಲು ಎಣ್ಣೆ ಕುಡಿಯಿತು. ಹೊರಗೆ, ಒಳಗೆ, ಕತ್ತಿಗೆ, ತಲೆಗೆ, ಹೊಟ್ಟೆಯ ತೂತಿನ ಅಂಚಿಗೆ, ಎಲ್ಲಿಯೂ ಬಿಡದೆ ಹಚ್ಚಿದರು. ಸಾಗವಾನಿ ಹೊಸ ಬೆಲ್ಲದಂತೆ ಹೊಳೆಯಿತು. ರಸ್ತೆಯ ಧೂಳು ಕೂಡಬಾರದೆಂದು ಅದಕ್ಕೆ ಮನೆಯಲ್ಲಿದ್ದ ಹೊಸ ಕರಿ ಕಂಬಳಿ ಸುತ್ತಿ, ಮೂಲೆಯಲ್ಲಿ ನಿಲ್ಲಿಸಿ, ನಾಲ್ಕು ದಿನ ಒಂದು ಮದುವೆಮನೆಯ ಕಪಾಟಿನ ಕೆಲಸಕ್ಕೆ ಇಟ್ಟಂಗಿಹಾಳಕ್ಕೆ ಹೋಗಿ ಬಂದರು.

ಐದನೇ ದಿನ ಕಂಬಳಿ ಬಿಚ್ಚಲು ಹೋದರೆ ಅದು ಬಿಡಲಿಲ್ಲ. ಎಳೆದರು. ಕಂಬಳಿ ಬಂತು, ಅದರ ಉಣ್ಣೆ ಬರಲಿಲ್ಲ. ಗಿಟಾರಿಗೆ ತಲೆಯಿಂದ ಬುಡದವರೆಗೆ ಕರಿ ಕೂದಲು ಹುಟ್ಟಿತ್ತು.

ಶಂಕ್ರೆವ್ವ ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಏನ್ರೀ, ಗಿಟಾರ ಮಾಡತೇನಂದು ಟಗರ ಮಾಡೀರಲ್ಲ! ಕಟ್ಟಿಹಾಕಲ್ಯಾ, ಮೇವ ಹಾಕಲ್ಯಾ?"

"ಬಾಯಿ ಮುಚ್ಚು."

"ನಾ ಮುಚ್ಚತೇನಿ. ಇದು ಒದರಿದ್ರ?"

ಅದೇ ಹೊತ್ತಿಗೆ ಎಂಟು ಗಂಟೆಯಾಯಿತು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಲ್ಲಿನಾಥರ ಫೋನ್ ಬರುತ್ತದೆ. ಅವರು ಫೋನನ್ನು ಬಲಗಿವಿಗೇ ಹಿಡಿಯುತ್ತಾರೆ.

"ಬೀಗರ, ಎಣ್ಣಿ ಆರಿತೇನ್ರಿ?"

"ಆರಾಕತ್ತೈತ್ರಿ."

"ಸೊಲ್ಲಾಪುರದಾಗ ಕೆಂಪನ್ನದೊಂದು ನೋಡಿಸೀನಿ. ಫೋಟೋ ಕಳಸ್ಲ್ಯಾ? ಸುಮ್ನ ನೋಡ್ರಿ, ತಪ್ಪ ತಿಳೀಬ್ಯಾಡ್ರಿ."

ಫೋಟೋ ಬಂತು. ಗಿಟಾರು ಮೆಣಸಿನಕಾಯಿಯಷ್ಟು ಕೆಂಪಾಗಿ, ಕನ್ನಡಿಯಷ್ಟು ನುಣ್ಣಗಿತ್ತು. ಒಂದು ಕೂದಲೂ ಇರಲಿಲ್ಲ.

ಜಾಹೀದರನ್ನು ಕರೆಸದೆ ಗತಿಯಿರಲಿಲ್ಲ. ಮೋಟರ್‌ಸೈಕಲ್ ಮೇಲೆ ಬಂದ ಅವರು ಗಿಟಾರಿನ ಮುಂದೆ ಕುಳಿತು, ಒಂದು ಕೂದಲು ಕಿತ್ತು, ಮೇಲೆ ನೋಡಿದರು. "ಒರಸಲಿಲ್ಲೇನ ಕಾಕಾ?"

"ಕುಡೀಲಿ ಅಂತ ಬಿಟ್ಟೆ."

"ಹೊಟ್ಟಿ ತುಂಬಿದ ಮ್ಯಾಲ ಉಳದದ್ದು ಮೈಮ್ಯಾಲ ನಿಂತು ಅಂಟಾಗತೈತಿ. ಅದಕ್ಕ ಒರಸ್ರಿ ಅಂದಿದ್ದು."

ಟರ್ಪಂಟೈನ್ ಹಾಕಿ, ಒಡೆದ ಗಾಜಿನ ಚೂರಿನಿಂದ ಹೆರೆದು, ಪಾಲಿಶ್ ಪೇಪರ್ ತಿಕ್ಕಿ ಕೂದಲು ತೆಗೆಯಲು ಮೂರು ದಿನ ಹಿಡಿಯಿತು. ನಂತರ ಹೊಸ ಪದ್ಧತಿ. ಹಳೆ ಧೋತರದ ಅಂಗೈಯಗಲದ ತುಂಡಿಗೆ ಚಮಚ ಎಣ್ಣೆ, ತೆಳ್ಳಗೆ ಒಂದು ಕೈ, ಕಾಲು ತಾಸು, ಆಮೇಲೆ ಒರೆಸುವುದು. ಮೊದಲ ಸಲ ಒರೆಸುವಾಗ ಅಮರಪ್ಪ ಮುಖ ಆಚೆ ತಿರುಗಿಸಿಕೊಂಡಿದ್ದರು ಎಂದು ಶಂಕ್ರೆವ್ವ ಹೇಳುತ್ತಾರೆ. ಒಂದೊಂದು ಕೈಯ ನಡುವೆ ಎರಡು ದಿನ ಮಾಳಿಗೆಯ ನೆರಳಿನಲ್ಲಿ ಬಿಸಿಗಾಳಿಗೆ ಇಡಬೇಕು. ಒರೆಸಿದ ಚಿಂದಿಯನ್ನು ಮುದ್ದೆಮಾಡಿ ಒಗೆದರೆ ತನ್ನಿಂದ ತಾನೇ ಬೆಂಕಿ ಹತ್ತುತ್ತದೆ, ಒಂದೊಂದಾಗಿ ಹಗ್ಗಕ್ಕೆ ಹಾಕಿ ಒಣಗಿಸಬೇಕು ಎಂದು ಜಾಹೀದ ಎಚ್ಚರಿಸಿದ್ದರು. ಈ ಸಲ ಅಮರಪ್ಪ ಅಕ್ಷರಶಃ ಕೇಳಿದರು. ಅಂಗಳದ ಹಗ್ಗದ ಮೇಲೆ ಅಂಗೈಯಗಲದ ಹದಿನಾರು ಧೋತರದ ತುಂಡು, ಹಳದಿ ಕಲೆಯೊಂದಿಗೆ, ಸಾಲಾಗಿ ತೂಗಿದವು.

ಪಕ್ಕದ ಮನೆಯ ಬೀಬಿಜಾನ ಗೋಡೆಯಾಚೆಯಿಂದ ಹಗ್ಗ ನೋಡಿದರು, ಅಂಥ ಅರಿವೆ ಯಾವ ಮನೆಯಲ್ಲಿ ಒಣಗುತ್ತದೆ ಎಂದು ಅವರಿಗೆ ಗೊತ್ತು. "ಯವ್ವಾ ಶಂಕ್ರೆವ್ವಾ! ಗೀತಾ ಹಡದಾಳೇನ? ಏಳರಾಗ? ನಮಗ ಒಂದು ಮಾತು ಹೇಳಲಿಲ್ಲಲ್ಲ!"

ಶಂಕ್ರೆವ್ವ ಬಚ್ಚಲಲ್ಲಿದ್ದರು, ಅವರಿಗೆ ಕೇಳಿಸಲಿಲ್ಲ. ಬೀಬಿಜಾನ ಸಂತೆಗೆ ಹೋದರು. ಮಧ್ಯಾಹ್ನ ಎರಡಕ್ಕೆ ಬಬಲೇಶ್ವರದಲ್ಲಿ, ಡ್ರಿಪ್ ಪೈಪಿನ ತಮ್ಮ ಅಂಗಡಿಯಲ್ಲಿ ಕುಳಿತಿದ್ದ ಮಲ್ಲಿನಾಥರಿಗೆ ಗಿರಾಕಿಯೊಬ್ಬರು ಮೊಮ್ಮಗು ಹುಟ್ಟಿದ್ದಕ್ಕೆ ಪೇಡೆ ಕೇಳಿದರು. ಮಲ್ಲಿನಾಥ ಅಂಗಡಿ ಹಾಗೆಯೇ ಬಿಟ್ಟು ಹಿಂದಿನ ಮನೆಗೆ ಓಡಿದರು. ಸೊಸೆ ಅಡಿಗೆಮನೆಯಲ್ಲಿ ಕಾಲು ಚಾಚಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದಳು, ಹೊಟ್ಟೆ ಬೆಳಿಗ್ಗೆ ಇದ್ದಷ್ಟೇ ಇತ್ತು. ಆದರೂ ಖಾತ್ರಿಗೆ ತಿಕೋಟಾಕ್ಕೆ ಫೋನ್ ಮಾಡಿದರು.

"ಬೀಗರ, ನಿಮ್ಮ ಮನ್ಯಾಗ ಯಾರ ಹಡದಾರ್ರಿ?"

ಎಣ್ಣೆಯ ಐದನೇ ಕೈ ಸೋಮವಾರ ಮುಗಿಯಿತು. ಈಗ ಅಂಟಿರಲಿಲ್ಲ, ಬೆರಳಾಡಿಸಿದರೆ ಬಳಸಿ ಸವೆದ ಹೊಸ್ತಿಲಿನ ನುಣುಪು. ಕುಬಸಕ್ಕೆ ಮೂರು ದಿನ ನಡುವೆ ಉಳಿದಿದ್ದವು. ಅಮರಪ್ಪ ಆ ದಿನ ಎರಡು ರೊಟ್ಟಿ ಹೆಚ್ಚು ಉಂಡರು.

ಮಂಗಳವಾರ ತಲೆಯ ಎರಡೂ ಬದಿಗೆ ಮೂರು ಮೂರರಂತೆ ಆರು ಬಿರಡೆ ಕೂಡಿಸಿದರು. ಜಾಹೀದ ಕೊಟ್ಟ ತಿರುಪುಗಳು ಸಾಸಿವೆಗಿಂತ ತುಸು ದೊಡ್ಡವು. ಬಂಡಿಯ ಬೋಲ್ಟು ಹಿಡಿದ ಬೆರಳಿಗೆ ಅವು ಸಿಕ್ಕೂ ಸಿಕ್ಕದಂತಿದ್ದವು. ಸಾಗವಾನಿಯಲ್ಲಿ ಮುರಿಯಬಾರದೆಂದು ಒಂದೊಂದನ್ನೂ ಸಾಬೂನಿಗೆ ತಿಕ್ಕಿ ಇಳಿಸಿದರು. ಕೊನೆಯದು ಜಾರಿ ಅಂಗಳದ ಮಣ್ಣಿಗೆ ಬಿತ್ತು. ಒಂದು ತಾಸು ಅಂಬೆಗಾಲಿಟ್ಟು ಹುಡುಕಿದರೂ ಸಿಗಲಿಲ್ಲ. ಶಂಕ್ರೆವ್ವ ಕಸಬರಿಗೆಯಿಂದ ಅಷ್ಟೂ ಮಣ್ಣು ಗುಡಿಸಿ, ಮೊರಕ್ಕೆ ಹಾಕಿ, ಜೋಳ ಹಸನು ಮಾಡುವಂತೆ ಕೇರಿದರು. ನಾಲ್ಕನೇ ಸಲ ಕೇರಿದಾಗ ಮಣ್ಣು ಹಾರಿ, ತಿರುಪು ಮೊರದ ಬುಡದಲ್ಲಿ ಉಳಿಯಿತು.

"ಇಂಜಿನಿಯರ್ ಅಂತ ನನ್ನ ಹೆಸರೂ ಬರಸ್ರಿ ಅದರ ಮ್ಯಾಲ," ಎಂದರು.

ತಂತಿಯ ಭಾರ ಹೊರುವ ಅಡ್ಡ ಕಟ್ಟಿಗೆಗೆ ತಂಬೂರಿಯವರಂತೆ ಜಾಹೀದ ಕೂಡ ಕುದುರೆ ಎನ್ನುತ್ತಾರೆ. ಅದನ್ನು ಹೊಟ್ಟೆಯ ಮೇಲೆ ಗುರುತು ಹಾಕಿದಲ್ಲಿ ಬಿಳಿ ಅಂಟಿನಿಂದ ಕೂಡಿಸಿ, ಮೇಲೆ ರುಬ್ಬುಗುಂಡು ಹೇರಿ ಬೆಳಗಿನವರೆಗೆ ಬಿಟ್ಟರು. ಬುಧವಾರ ಮಧ್ಯಾಹ್ನ ತಂತಿ ಏರಿಸಿದರು. ಒಂದು, ಎರಡು, ಮೂರು. ಪಡಸಾಲೆಯಲ್ಲಿ ಶಂಕ್ರೆವ್ವ ಕುಬಸಕ್ಕೆ ಕರ್ಚಿಕಾಯಿ ತುಂಬುತ್ತಿದ್ದರು. ನಾಲ್ಕು. ಐದನೆಯದನ್ನು ಬಿಗಿ ಮಾಡುವಾಗ ಫಟ್ ಎಂಬ ಸದ್ದಾಗಿ ಕುದುರೆ ಕಿತ್ತುಕೊಂಡು ಹಾರಿ, ಪಡಸಾಲೆ ದಾಟಿ, ಹೂರಣದ ಪಾತ್ರೆಯಲ್ಲಿ ತಲೆಕೆಳಗಾಗಿ ನೆಟ್ಟುಕೊಂಡಿತು.

ಅಮರಪ್ಪ ಜಾಹೀದರಿಗೆ ಫೋನ್ ಮಾಡಿದರು.

"ಕಾಕಾ, ಕುದರಿ ಕೂಡೂ ಜಾಗಾಕ್ಕೂ ಎಣ್ಣಿ ಹಚ್ಚಿದ್ದಿರೇನು?"

"ಎಲ್ಲಾ ಕಡೆ ಹಚ್ಚೇನಪಾ. ಅದೊಂದು ಜಾಗಾ ಏನ ಪಾಪಾ ಮಾಡಿತ್ತು?"

"ಎಣ್ಣಿ ಕುಡದ ಕಟಿಗಿ ಅಂಟ ಹಿಡಿಯಂಗಿಲ್ಲ ಕಾಕಾ. ಅಷ್ಟು ಜಾಗಾ ಬಿಡಬೇಕಾಗಿತ್ತು."

ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೂರಿಗೆಗೆ ಮೊಳೆ, ಬೋಲ್ಟು ಸಾಕು, ಅಲ್ಲಿ ಅಂಟಿನ ಕೆಲಸವೇ ಇಲ್ಲ. ಈಗ ಒಳಗಿನವರೆಗೆ ಹೆರೆದು, ಎಣ್ಣೆ ತೆಗೆದು, ಮತ್ತೆ ಅಂಟಿಸಿ ಗಟ್ಟಿಯಾಗಲು ನಾಲ್ಕು ದಿನ ಬೇಕು. ಉಳಿದದ್ದು ಒಂದೂವರೆ ದಿನ. ಅಮರಪ್ಪ ಉಳಿಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಕೈ ಒರೆಸಿಕೊಂಡು ಬೀಗರಿಗೆ ಫೋನ್ ಮಾಡಿದರು. ಅವರಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಆ ಕೆಂಪಂದು ತರಸ್ರಿ ಬೀಗರ."

ಮಲ್ಲಿನಾಥರಿಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ. "ಹೌದೇನ್ರಿ," ಎಂದರು. "ನಾಳೆ ನಾನ ಹೋಗಿ ತರತೇನ್ರಿ," ಎಂದಷ್ಟೇ ಹೇಳಿ ಇಟ್ಟರು.

ಸುಮ್ಮನೆ ಕೂಡಲಾಗದೆ ಅಮರಪ್ಪ ಬಾಕಿಯಿದ್ದ ಒಂದು ಬಾಗಿಲಿಗೆ ಹಿತ್ತಾಳೆಯ ಬಿಜಾಗರಿ ಕೂಡಿಸಲು ಹೊರಟರು. ಒಂದು ರೆಕ್ಕೆಯನ್ನು ಚೌಕಟ್ಟಿಗೆ ತಿರುಪು ಹಾಕಿ ಬಿಗಿದು, ಎಷ್ಟು ಗಟ್ಟಿಯಿದೆ ಎಂದು ನೋಡಲು ಇನ್ನೊಂದು ರೆಕ್ಕೆ ಹಿಡಿದು ಜಗ್ಗಿದರು. ಮೂವತ್ತೈದು ವರ್ಷದಿಂದ ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ ಅದು. ಬಾಗಿಲಿನ ಭಾರವನ್ನೆಲ್ಲ ಹೊರುವ ಬಿಜಾಗರಿ ಅಲುಗಲಿಲ್ಲ. ಮತ್ತೊಮ್ಮೆ ಜಗ್ಗಿದರು. ಬಳಿಕ ತಿರುಪು ಬಿಚ್ಚಿ, ಬಿಜಾಗರಿ ಕೈಯಲ್ಲಿ ಹಿಡಿದು, ಗಿಟಾರಿನ ಕಡೆಗೆ ಬಂದರು.

ಒಂದು ರೆಕ್ಕೆಯನ್ನು ಗಿಟಾರಿನ ಬುಡಕ್ಕೆ, ಒಳಗೆ ದಪ್ಪ ಕಟ್ಟಿಗೆಯಿರುವಲ್ಲಿ, ನಾಲ್ಕು ತಿರುಪಿನಿಂದ ಕೂಡಿಸಿದರು. ಇನ್ನೊಂದನ್ನು ಅಂಚಿನ ಮೇಲೆ ಹೊಟ್ಟೆಯ ಕಡೆಗೆ ಮಡಚಿ, ಅದರಲ್ಲಿ ಆರು ಸಣ್ಣ ತೂತು ಕೊರೆದು ತಂತಿಯ ಗಂಟು ಸಿಕ್ಕಿಸಿದರು. ಜಗ್ಗುವ ಭಾರವೆಲ್ಲ ಈಗ ಬಿಜಾಗರಿಯ ಮೇಲೆ. ಕುದುರೆಗೆ ಅಂಟೇ ಬೇಕಿಲ್ಲ. ಹೂರಣ ತೊಳೆದು ಗುರುತಿನ ಮೇಲೆ ಇಟ್ಟರೆ ತಂತಿಗಳೇ ಅದನ್ನು ಒತ್ತಿ ಹಿಡಿದವು. ಐದನೇ ತಂತಿ ಬಿಗಿಯುವಾಗ ಶಂಕ್ರೆವ್ವ ಪಾತ್ರೆಗೆ ತಟ್ಟೆ ಮುಚ್ಚಿದರು. ಏನೂ ಹಾರಲಿಲ್ಲ. ಆರನೆಯದೂ ಏರಿತು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಗಿಟಾರು ಜಾಹೀದರ ಅಂಗಡಿಗೆ ಹೋಯಿತು. ಅವರು ಶ್ರುತಿ ಮಾಡಿ, ಬುಡದ ಬಿಜಾಗರಿಯನ್ನು ಎರಡು ಸಲ ತೆರೆದು ಮುಚ್ಚುವಂತೆ ಮುಟ್ಟಿ ನೋಡಿ, ಒಂದು ಹಾಡು ಬಾರಿಸಿದರು. "ದನಿ ಸ್ವಲ್ಪ ಏಕತಾರಿ ಕಡೆ ಹೋಗೈತಿ. ಆದ್ರ ಬರೋಬ್ಬರಿ ಐತಿ ಕಾಕಾ."

ಅಮರಪ್ಪ ಅಲ್ಲಿಂದಲೇ ಫೋನ್ ಮಾಡಿದರು. ಮಲ್ಲಿನಾಥ ಸೊಲ್ಲಾಪುರದ ಅಂಗಡಿಯಲ್ಲಿದ್ದರು.

"ಬ್ಯಾಡ್ರಿ ಬೀಗರ, ಇಲ್ಲಿ ಆತು."

"ಇಲ್ಲಿ ಕಟ್ಟಾಕತ್ತಾರ್ರಿ!"

"ಬಿಚ್ಚಸ್ರಿ."

"ನಾಳೆ ಅದರ ಏನರ ಕಿತ್ತತಂದ್ರ?"

"ಕೀಳೂದಿಲ್ಲ. ಬಿಚ್ಚಸ್ರಿ."

"ಆತ್ರಿ, ಬಿಚ್ಚಸತೇನಿ," ಎಂದರು ಮಲ್ಲಿನಾಥ.

ಶುಕ್ರವಾರ ಬಬಲೇಶ್ವರದ ಪಡಸಾಲೆ ಹೆಂಗಸರಿಂದ ತುಂಬಿತ್ತು. ಹಸಿರು ಸೀರೆಯಲ್ಲಿ ಗೀತಾಂಜಲಿ ಮಣೆಯ ಮೇಲೆ ಕುಳಿತಿದ್ದಳು. ಗಂಡಸರು ಹೊರಗೆ ಕಟ್ಟೆಯ ಮೇಲೆ. ಅಮರಪ್ಪ ಗಿಟಾರು ಕೊಡಲೆಂದು ಮಾತ್ರ ಒಳಗೆ ಬಂದವರು, ಅದನ್ನು ಮಗಳ ಪಕ್ಕಕ್ಕಿಟ್ಟು ಹೊರಡುವಾಗ ಕಪಾಟಿನ ಮೇಲೆ ಹಾಸಿಗೆಯ ಚಾದರ ಹೊದಿಸಿದ ಉದ್ದನೆಯದೊಂದು ಪೆಟ್ಟಿಗೆ ನೋಡಿ ನಿಂತರು. ಒಂದು ಕಡೆ ಸಣ್ಣಗೆ, ಒಂದು ಕಡೆ ಅಗಲ. ಆಕಾರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದರಿಂದ ಕಣ್ಣು ತೆಗೆಯುವಷ್ಟರಲ್ಲಿ ಬೀಗರ ಕಡೆಯ ಮುದುಕಿಯೊಬ್ಬರು ಗೀತಾಂಜಲಿಯ ಉಡಿ ತುಂಬಿ, ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದ ಗಿಟಾರನ್ನೂ ನೋಡಿ, ಹೊಟ್ಟೆಗೆ ತೂತಿದೆಯೆಂದ ಮೇಲೆ ಅದಕ್ಕೂ ಎಂದು ಐದು ಹಿಡಿ ಅಕ್ಕಿ ಒಳಗೆ ಹಾಕಿಬಿಟ್ಟರು.

"ಅಮ್ಮಾ, ಅದರ ಉಡಿ ತುಂಬಬಾರದು!" ಎಂದು ಶಂಕ್ರೆವ್ವ ಕೂಗಿದರು.

"ಯಾಕ ತುಂಬಬಾರದು? ಅದೂ ತವರಿಂದ ಬಂದೈತಿ."

ಅಮರಪ್ಪ ಗಿಟಾರು ಬೋರಲು ಹಿಡಿದು ಜಾಡಿಸಿದರು. ಅಕ್ಕಿ ಬಂತು, ಎಲ್ಲವೂ ಬರಲಿಲ್ಲ. ಜಾಡಿಸಿದ್ದಕ್ಕೆ ಶ್ರುತಿಯೂ ಇಳಿಯಿತು. ಹೊಸ ತಂತಿ ಹೇಗೂ ಇಳಿಯುತ್ತದೆ, ತಿರುವುತ್ತಿರಿ ಎಂದು ಜಾಹೀದ ಹೇಳಿದ್ದರು. ಹೀಗಾಗಿ ನಲವತ್ತು ಹೆಂಗಸರ ನಡುವೆ ಒಬ್ಬರೇ ಗಂಡಸು, ಟೋಪಿ ತೆಗೆದು ಮಗಳ ಪಕ್ಕದಲ್ಲಿ ಕುಳಿತು, ಅವಳು ಹೇಳಿದ ಬಿರಡೆ ತಿರುವತೊಡಗಿದರು.

"ಇದು ಏರಸು ಯಪ್ಪಾ. ಸಾಕು. ಅದು ಇಳಸು. ಸಾಕ ಸಾಕು!"

ಅವಳು ಬಾರಿಸಿದಳು. ಮೊದಲು ಬೆರಳು ತಡವರಿಸಿದವು. ನಂತರ ಹೆಂಗಸರು ಕುಬಸದ ಹಾಡು ಎತ್ತಿಕೊಂಡರು, ಗಿಟಾರು ಹಿಂದಿನಿಂದ ಬಂತು, ಹೊಟ್ಟೆಯೊಳಗಿನ ಅಕ್ಕಿ 'ಝಲ್ ಝಲ್' ಎಂದು ತಾಳ ಹಾಕಿತು. ಬಾಗಿಲಲ್ಲಿ ಮಲ್ಲಿನಾಥ ಮುಖ ಒಳಗೆ ಹಾಕಿ ನಿಂತಿದ್ದರು. ಹಾಡು ಹೇಗಿತ್ತು ಎಂದು ಕೇಳಿದರೆ ಅಮರಪ್ಪನವರಿಗೆ ಇಂದಿಗೂ ಹೇಳಲು ಬರುವುದಿಲ್ಲ. ಹಾಡು ಮುಗಿಯುವವರೆಗೆ ಅವರು ಬಿಜಾಗರಿಯ ನಾಲ್ಕು ತಿರುಪುಗಳನ್ನೇ ನೋಡುತ್ತಿದ್ದರು. ಅವು ಅಲುಗಲಿಲ್ಲ.

ವಿದ್ಯಾವತಿ ಸೊಸೆಯ ಗದ್ದ ಹಿಡಿದು ಕೇಳಿದರು. "ತೀರ್ತೇನವಾ ಬಯಕಿ?"

"ತೀರ್ತ್ರಿ ಅತ್ತಿ."

ಬಾಗಿಲಲ್ಲಿದ್ದ ಮಲ್ಲಿನಾಥ ಜೋರಾಗಿ ಉಸಿರು ಬಿಟ್ಟರು. ಊಟಕ್ಕೆ ಏಳುವಾಗ ಅಮರಪ್ಪ ಅವರ ಪಕ್ಕಕ್ಕೆ ಹೋಗಿ, ಕಪಾಟಿನ ಮೇಲೆ ಗದ್ದ ಎತ್ತಿ ತೋರಿಸಿದರು.

"ಅದೇನ್ರಿ ಬೀಗರ?"

ಮಲ್ಲಿನಾಥ ಮೇಲೆ ನೋಡಿದರು. ಚಾದರದ ಅಂಚಿನಲ್ಲಿ ನಾಲ್ಕು ಬೆರಳಷ್ಟು ಪೆಟ್ಟಿಗೆ ಕಾಣುತ್ತಿತ್ತು.

"ಅದಾ? ಡ್ರಿಪ್ ಪೈಪ್ರಿ."

ಅಮರಪ್ಪ ಮತ್ತೆ ಮೇಲೆ ನೋಡಲಿಲ್ಲ. "ಬ್ಯಾಸಿಗ್ಯಾಗ ಭಾಳ ಹೋಗತಾವಲ್ರಿ," ಎಂದು ಬೀಗರ ಕೈ ಹಿಡಿದು ಊಟದ ಸಾಲಿಗೆ ನಡೆದರು.